ಕೊಡೋದಾ, ಇಟ್ಟುಕೊಳ್ಳೋದಾ? ತುಮಕೂರಿನಲ್ಲಿ ಹಳೇ ಇವಿ ಕಾರಿನ ಲೆಕ್ಕ

ಹೋದ ತಿಂಗಳು ನಮ್ಮ ಎಲೆಕ್ಟ್ರಿಕ್ ಕಾರಿಗೆ ಎಷ್ಟು ಸಿಗುತ್ತದೆ ಅಂತ ತಿಳಿಯೋಕೆ ಊರಿನ ಒಂದು ಶೋರೂಮಿಗೆ ಹೋಗಿದ್ದೆ. 2021ರ ದಸರಾದಲ್ಲಿ ತಗೊಂಡ ಗಾಡಿ. 62,000 ಕಿ.ಮೀ. ಓಡಿದೆ. ಬೆಲೆ ಕಟ್ಟುವ ಹುಡುಗ ಕಾರಿಗೆ ಎರಡು ಸುತ್ತು ಹಾಕಿದ. ಬಂಪರಿನ ಗೀಚು ನೋಡಿದ. ಟೈರಿಗೆ ಉಗುರು ಒತ್ತಿದ. ಬಾಗಿಲಿನ ರಬ್ಬರ್ ಎತ್ತಿ ಪೇಂಟ್ ನೋಡಿದ. ಆಮೇಲೆ ಮೊಬೈಲಿನಲ್ಲಿ ಏನೋ ಒತ್ತಿ, "ಐದೂವರೆ ಆಗುತ್ತೆ ಸರ್" ಅಂದ.

15 ಲಕ್ಷಕ್ಕೆ ತಂದ ಗಾಡಿ. "ಬ್ಯಾಟರಿ ಚೆಕ್ ಮಾಡಲ್ವಾ?" ಅಂತ ಕೇಳಿದೆ.

"ಇವಿ ಅಲ್ವಾ ಸರ್, ತಗೊಳ್ಳೋರು ಕಮ್ಮಿ. ವರ್ಷ ನೋಡಿ ರೇಟ್ ಹಾಕ್ತೀವಿ, ಅಷ್ಟೆ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಕೊಟ್ಟಿರುವ ಪಟ್ಟಿಯಲ್ಲಿ ಬ್ಯಾಟರಿಗೆ ಜಾಗವೇ ಇಲ್ಲ. ಆದರೆ ಇಡೀ ಗಾಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಅದೇ ತಾನೆ? ಅದನ್ನು ನೋಡದೆ ಬೆಲೆ ಹೇಳೋದು ಅಂದರೆ, ಹಾಲೆಷ್ಟು, ಎಷ್ಟನೇ ಸೂಲು ಅಂತ ಕೇಳದೆ ಕೊಂಬು ನೋಡಿ ಹಸುವಿಗೆ ರೇಟ್ ಕಟ್ಟಿದ ಹಾಗೆ. ಹೀಗಾಗಿ ಜೋಪಾನ ಮಾಡಿದ ಬ್ಯಾಟರಿಗೂ ಹಾಳು ಮಾಡಿದ ಬ್ಯಾಟರಿಗೂ ಪೇಟೆಯಲ್ಲಿ ಹೆಚ್ಚುಕಮ್ಮಿ ಒಂದೇ ಬೆಲೆ ಸಿಗುತ್ತಿದೆ. ನಾನು ಹೇಳಬೇಕಿರುವುದು ಇದರಿಂದಲೇ ಶುರು. ಬ್ಯಾಟರಿ ಚೆನ್ನಾಗಿರುವವರು ಈಗ ಕಾರು ಕೊಟ್ಟರೆ ಕೈ ಕಚ್ಚುತ್ತದೆ. ಬ್ಯಾಟರಿ ಸೋತಿರುವವರು ಇಟ್ಟುಕೊಂಡರೆ ಕೈ ಕಚ್ಚುತ್ತದೆ. ನಿಮ್ಮದು ಯಾವುದು ಅಂತ ಶೋರೂಮಿನವರು ಹೇಳುವುದಿಲ್ಲ. ಮನೆಯಲ್ಲೇ ಅಳೆದು ತಿಳಿಯಬೇಕು.

ಬೆಲೆ ಯಾಕೆ ಇಷ್ಟು ಬಿತ್ತು

2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ, ಎಂಜಿ ಜೆಡ್‌ಎಸ್ ಇವಿ ಎರಡೂ ಪೇಟೆಗೆ ಬಂದವು. ನಮ್ಮ ಕಡೆ ಮಧ್ಯಮ ವರ್ಗದವರು ಇವಿ ತಗೊಳ್ಳಲು ಶುರು ಮಾಡಿದ್ದು ಆಮೇಲೆಯೇ. ಆ ಮೊದಲ ಗುಂಪಿನ ಕಾರುಗಳಿಗೆ ಈಗ ನಾಲ್ಕು, ಐದು, ಆರು ವರ್ಷ. ಕೊಡೋದಾ ಬೇಡವಾ ಅನ್ನುವ ಪ್ರಶ್ನೆ ಇಷ್ಟೊಂದು ಮನೆಗಳಲ್ಲಿ ಒಟ್ಟಿಗೆ ಏಳುತ್ತಿರುವುದು ಇದೇ ಮೊದಲು.

ಹಳೇ ಕಾರಿನ ಬೆಲೆಯನ್ನು ಮೊದಲು ಇಳಿಸಿದ್ದು ಹೊಸ ಕಾರಿನ ಬೆಲೆ. 2024ರ ಫೆಬ್ರವರಿಯಲ್ಲಿ ಟಾಟಾದವರು ನೆಕ್ಸಾನ್ ಇವಿಗೆ 1.2 ಲಕ್ಷದವರೆಗೆ, ಟಿಯಾಗೊ ಇವಿಗೆ 70,000ದವರೆಗೆ ಇಳಿಸಿದರು. ಅದೇ ವರ್ಷ ಹಬ್ಬದ ಸಮಯಕ್ಕೆ ನೆಕ್ಸಾನ್ ಇವಿ ಮೇಲೆ 3 ಲಕ್ಷದವರೆಗೆ ಕಡಿತ ಬಂತು. ಹೊಸದೇ ಮೂರು ಲಕ್ಷ ಇಳಿದಾಗ ಹಳೆಯದು ಸುಮ್ನೆ ನಿಂತಿರುತ್ತದಾ? ಇದರ ಹಿಂದೆ ಇರೋದು ಬ್ಯಾಟರಿಯ ಬೆಲೆ. ಪ್ರಪಂಚದಲ್ಲಿ 2010ರ ಹೊತ್ತಿಗೆ ಒಂದು ಯೂನಿಟ್ ಕರೆಂಟು ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರ್ ಮೇಲಿತ್ತು. 2024ಕ್ಕೆ ಅದು 115 ಡಾಲರಿಗೆ ಬಂದಿತ್ತು. ನಾವು 30 ಯೂನಿಟ್ ಬ್ಯಾಟರಿಗೆ ಕೊಟ್ಟ ದುಡ್ಡಿನಲ್ಲಿ ಈಗ 45 ಯೂನಿಟ್ ಬ್ಯಾಟರಿಯ ಕಾರು ಸಿಗುತ್ತದೆ.

ಇನ್ನೊಂದು ಏಟು ಪೆಟ್ರೋಲ್ ಕಾರಿನ ಕಡೆಯಿಂದ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ಸೆಸ್ ಹೋಯಿತು. ಇವಿಗೆ 2019ರಿಂದಲೂ 5 ಪರ್ಸೆಂಟ್ ಇದೆ, ಅದು ಬದಲಾಗಲಿಲ್ಲ. ಅಂದರೆ ಇವಿಗೂ ಪೆಟ್ರೋಲಿಗೂ ಇದ್ದ ತೆರಿಗೆಯ ಅಂತರ ಕಮ್ಮಿಯಾಯಿತು. ಐದಾರು ಲಕ್ಷ ಹಿಡಿದು ಸೆಕೆಂಡ್ ಹ್ಯಾಂಡ್ ಇವಿ ನೋಡಲು ಬರುವವನ ಮುಂದೆ ಈಗ ಹೊಸ ಪೆಟ್ರೋಲ್ ಕಾರು ಇದೆ.

ಡೀಲರ್ ಹೇಳುವ ಬೆಲೆಯ ಒಳಗೆ ಇನ್ನೂ ಒಂದಷ್ಟು ಕಡಿತ ಅಡಗಿರುತ್ತದೆ. 2025ರ ಜನವರಿಯಿಂದ ಹಳೇ ಇವಿ ಮಾರುವ ಡೀಲರ್ 18 ಪರ್ಸೆಂಟ್ ಜಿಎಸ್‌ಟಿ ಕಟ್ಟಬೇಕು. ಇದು ಪೂರ್ತಿ ಬೆಲೆಯ ಮೇಲಲ್ಲ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ. ನೀವು ನೇರವಾಗಿ ಇನ್ನೊಬ್ಬರಿಗೆ ಮಾರಿದರೆ ಈ ತೆರಿಗೆ ಇಲ್ಲ. ಸುದ್ದಿ ಬಂದಾಗ ನಮ್ಮ ಬೀದಿಯಲ್ಲೇ ಇಬ್ಬರು, ಕಾರು ಮಾರಿದರೆ ಲಕ್ಷ ರೂಪಾಯಿ ತೆರಿಗೆ ಅಂತ ಹೆದರಿ ಕೂತಿದ್ದರು. ಹಾಗೇನಿಲ್ಲ.

ಕ್ಯಾಲೆಂಡರಿನ ಮೇಲೆ ಬರೆದ ರೀಡಿಂಗ್

ಬ್ಯಾಟರಿ ಎಷ್ಟು ಸೋತಿದೆ ಅಂತ ತಿಳಿಯೋಕೆ ನಾನು ಮಾಡುವ ಕೆಲಸ ತುಂಬ ಸರಳ. ವರ್ಷಕ್ಕೆ ಎರಡು ಸಲ ಗಾಡಿಯನ್ನು 10 ಪರ್ಸೆಂಟಿಗೆ ಇಳಿಸಿ ಮನೆಗೆ ತರುತ್ತೇನೆ. ರಾತ್ರಿ ಪ್ಲಗ್ ಹಾಕುವ ಮುಂಚೆ ಪಾರ್ಕಿಂಗ್ ಪಾಯಿಂಟಿಗೆ ಹಾಕಿಸಿರುವ ಸಣ್ಣ ಮೀಟರಿನ ರೀಡಿಂಗನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುತ್ತೇನೆ. ಬೆಳಿಗ್ಗೆ 100 ಆದಮೇಲೆ ಇನ್ನೊಂದು ರೀಡಿಂಗ್. ಹೊಸತರಲ್ಲಿ 10ರಿಂದ 100 ತುಂಬೋಕೆ ಗೋಡೆಯಿಂದ ಮೂವತ್ತೂವರೆ ಯೂನಿಟ್ ಹೋಗುತ್ತಿತ್ತು. ಈಗ 28 ಸಾಕು. ಕಮ್ಮಿ ಕರೆಂಟು ಕುಡಿಯುತ್ತಿದೆ ಅಂದರೆ ಖುಷಿ ಪಡುವ ವಿಷಯವಲ್ಲ. ಪಾತ್ರೆ ಚಿಕ್ಕದಾಗಿದೆ ಅಂತ ಅರ್ಥ. ನಾಲ್ಕು ವರ್ಷದಲ್ಲಿ ಎಂಟು ಪರ್ಸೆಂಟ್ ಸವೆದಿದೆ. ಗೋಡೆಯಿಂದ ಹೋದದ್ದೆಲ್ಲ ಬ್ಯಾಟರಿಗೆ ಸೇರುವುದಿಲ್ಲ, ಹತ್ತು ಹನ್ನೆರಡು ಪರ್ಸೆಂಟ್ ಬಿಸಿಯಾಗಿ ಹೋಗುತ್ತದೆ. ಆದರೆ ಅದೇ ಚಾರ್ಜರ್, ಅದೇ ಪಾಯಿಂಟ್ ಬಳಸಿದರೆ ಹೋಲಿಸೋಕೆ ತೊಂದರೆ ಇಲ್ಲ.

ನಮ್ಮದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಟಾಟಾದ ನೆಕ್ಸಾನ್, ಟಿಯಾಗೊ ಇವಿಗಳಲ್ಲಿ ಇರುವುದೂ ಇದೇ ಜಾತಿ. ಇದರ ಆಯಸ್ಸು ಜಾಸ್ತಿ, ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಪರ್ಸೆಂಟನ್ನು ಪೂರ್ತಿ ನಂಬಬಾರದು. ಈ ಬ್ಯಾಟರಿಯ ವೋಲ್ಟೇಜ್ 80 ಇದ್ದಾಗಲೂ 40 ಇದ್ದಾಗಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಕಾರಿನ ಕಂಪ್ಯೂಟರಿಗೇ ಗೊಂದಲ ಆಗಿಬಿಡುತ್ತದೆ. ಆಗಾಗ ಪೂರ್ತಿ 100ಕ್ಕೆ ತುಂಬಿಸಿದರೆ ಅದರ ಲೆಕ್ಕ ಸರಿಹೋಗುತ್ತದೆ. ಎಷ್ಟೋ ಜನ 30 ಪರ್ಸೆಂಟ್ ಇದ್ದದ್ದು ದಿಢೀರನೆ 15 ಆಯಿತು ಅಂತ ಗಾಬರಿಯಾಗಿ ಗಾಡಿ ಕೊಟ್ಟುಬಿಡುತ್ತಾರೆ. ಕೊಡುವ ಮುಂಚೆ ಮೂರು ನಾಲ್ಕು ಸಲ ಪೂರ್ತಿ ತುಂಬಿಸಿ ನೋಡಿ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಯ ಆರೋಗ್ಯದ ವರದಿಯನ್ನು ಕಾಗದದ ಮೇಲೆ ಕೇಳಿ. ಬಾಯಲ್ಲಿ "ಚೆನ್ನಾಗಿದೆ ಸರ್" ಅಂದರೆ ಒಪ್ಪಬೇಡಿ.

ನಮ್ಮ ಊರಿನವರಿಗೆ ಮೀಟರಿಗಿಂತ ದೊಡ್ಡ ಪರೀಕ್ಷೆ ಇನ್ನೊಂದಿದೆ. ಬೆಂಗಳೂರಿಗೆ ಹೋಗಿ ಬರೋದು. ಹೆದ್ದಾರಿ 48ರಲ್ಲಿ ಹೋಗೋಕೆ 70, ಬರೋಕೆ 70, ಅಲ್ಲಿ ಓಡಾಟ ಸೇರಿ 160 ಕಿ.ಮೀ. ಮೊದಲ ವರ್ಷ ಪೂರ್ತಿ ಚಾರ್ಜಿನಲ್ಲಿ ಹೊರಟರೆ ರಾತ್ರಿ ಊರಿನ ಅಂಚಿನ ಕ್ಯಾತ್ಸಂದ್ರ ದಾಟುವಾಗ 24 ಪರ್ಸೆಂಟ್ ಉಳಿಯುತ್ತಿತ್ತು. ಈಗ 16, 17. ಮಧ್ಯದಲ್ಲಿ ಎಲ್ಲೂ ನಿಲ್ಲಿಸದೆ ಮನೆ ಸೇರುತ್ತೇವೆ. ಇದು 10ಕ್ಕೆ ಇಳಿದ ದಿನ ಈ ಗಾಡಿ ನಮ್ಮ ಕೆಲಸಕ್ಕೆ ಆಗುವುದಿಲ್ಲ. ದಾಬಸ್‌ಪೇಟೆ, ನೆಲಮಂಗಲದ ಕಡೆ ಚಾರ್ಜ್ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಮಾಡಬಹುದು. ಆದರೆ ಮನೆಯಲ್ಲಿ ಯೂನಿಟ್ಟಿಗೆ 7 ರೂಪಾಯಿ ಬೀಳುವ ಕಡೆ ಅಲ್ಲಿ ಇಪ್ಪತ್ತರ ಮೇಲೆ ಬೀಳುತ್ತದೆ. ರಾತ್ರಿ ಒಂಬತ್ತಕ್ಕೆ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿರುವಾಗ ಅರ್ಧ ಗಂಟೆ ಕಾಯೋದು ಬೇರೆ.

ಇಲ್ಲಿ ಒಂದು ದಾರಿ ಇದೆ. 2024ರ ನವೆಂಬರಿನಿಂದ ಮೆಟ್ರೊ ಮಾದಾವರದವರೆಗೆ ಬಂದಿದೆ. ತುಮಕೂರಿನಿಂದ ಅಲ್ಲಿಗೆ 50 ಕಿ.ಮೀ. ಕಾರನ್ನು ಆ ಕಡೆಯೇ ನಿಲ್ಲಿಸಿ ಮೆಟ್ರೊ ಹತ್ತಿದರೆ 160ರ ಓಟ 100ಕ್ಕೆ ಇಳಿಯುತ್ತದೆ. ಸವೆದ ಬ್ಯಾಟರಿಗೂ 100 ಕಿ.ಮೀ. ಏನೂ ಕಷ್ಟವಿಲ್ಲ. ಇದೊಂದು ಬದಲಾವಣೆ ಮಾಡಿಕೊಂಡರೆ ಎಷ್ಟೋ ಜನ ಇನ್ನೂ ಎರಡು ಮೂರು ವರ್ಷ ಅದೇ ಕಾರಿನಲ್ಲಿ ಕಳೆಯಬಹುದು ಅನ್ನೋದು ನನ್ನ ನಂಬಿಕೆ.

ವಾರಂಟಿ ಅನ್ನುವ ಗಡಿಯಾರ

ಹಲವು ಇವಿಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ಯಾವುದು ಮೊದಲು ಬರುತ್ತದೋ ಅದು. ಆ "ಅಥವಾ" ಅನ್ನುವ ಪದವನ್ನು ನಮ್ಮವರು ಓದುವುದಿಲ್ಲ. ತುಮಕೂರಿನಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೆ ಕಾರಿನಲ್ಲಿ ಹೋಗಿ ಬರುವವರು ತಿಂಗಳಿಗೆ 22 ದಿನ, 140ರ ಲೆಕ್ಕದಲ್ಲಿ 3,000 ಕಿ.ಮೀ. ದಾಟುತ್ತಾರೆ. ವರ್ಷಕ್ಕೆ ಸುಮಾರು 37,000. ಎಂಟು ವರ್ಷದ ವಾರಂಟಿ ಅವರಿಗೆ ನಾಲ್ಕು ವರ್ಷ ಚಿಲ್ಲರೆಗೇ ಮುಗಿಯುತ್ತದೆ. ನೀವು ಆ ಗುಂಪಿನವರಾಗಿದ್ದರೆ 1 ಲಕ್ಷ ಕಿ.ಮೀ. ದಾಟುವ ಮುಂಚೆ ತೀರ್ಮಾನ ಮಾಡಿ. ವಾರಂಟಿ ಇರುವ ಗಾಡಿಗೆ ಗಿರಾಕಿ ಇದ್ದಾನೆ. ವಾರಂಟಿ ಮುಗಿದ ಇವಿಯನ್ನು ಮುಟ್ಟೋಕೆ ಜನ ಹೆದರುತ್ತಾರೆ, ಬ್ಯಾಂಕಿನವರೂ ಸಾಲ ಕೊಡೋಕೆ ಹಿಂದೆಮುಂದೆ ನೋಡುತ್ತಾರೆ.

ಹಾಗಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಮಾರುವುದಾದರೆ ವಾರಂಟಿ ಮೂರು ವರ್ಷವಾದರೂ ಬಾಕಿ ಇರುವಾಗ ಮಾರಿ. ಆ ಸಮಯ ದಾಟಿದ್ದರೆ ಮಾರುವ ಯೋಚನೆ ಬಿಟ್ಟು, ಗಾಡಿ ಸವೆಯುವವರೆಗೆ ಓಡಿಸಿ. ಏಳನೇ ವರ್ಷದಲ್ಲಿ ಕೊಡೋದು ಎಲ್ಲಕ್ಕಿಂತ ಕೆಟ್ಟ ವ್ಯಾಪಾರ. ಅಷ್ಟು ಹೊತ್ತಿಗೆ ಬೆಲೆ ಪೂರ್ತಿ ಬಿದ್ದಿರುತ್ತದೆ, ಕಾರು ಮಾತ್ರ ಇನ್ನೂ ಓಡುತ್ತಿರುತ್ತದೆ.

ಹೊಸ ಕಾರುಗಳದ್ದು ಬೇರೆ ಕಥೆ. 2024ರ ಕೊನೆಯಲ್ಲಿ ಬಂದ ಮಹೀಂದ್ರದ ಬಿಇ 6, ಎಕ್ಸ್‌ಇವಿ 9ಇ, 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ಇವಿ, ಇವಕ್ಕೆಲ್ಲ ಬ್ಯಾಟರಿಯ ಜೀವಮಾನದ ವಾರಂಟಿ ಇದೆ. ಆದರೆ ಅದು ಮೊದಲ ಮಾಲೀಕರಿಗೆ ಮಾತ್ರ. ಕೈ ಬದಲಾದರೆ ಮತ್ತೆ ವರ್ಷ, ಕಿಲೋಮೀಟರಿನ ಮಿತಿಗೆ ಇಳಿಯುತ್ತದೆ. ಅಂದರೆ ಆ ಕಾರಿನ ಬೆಲೆ ನಿಮ್ಮ ಕೈಯಲ್ಲಿದ್ದಾಗಲೇ ಜಾಸ್ತಿ. ಎರಡು ಮೂರು ವರ್ಷಕ್ಕೊಮ್ಮೆ ಗಾಡಿ ಬದಲಾಯಿಸುವ ಅಭ್ಯಾಸ ಇರುವವರು ಇದನ್ನು ಯೋಚಿಸಿ ತಗೊಳ್ಳಬೇಕು.

ಇನ್ನು ದುಡ್ಡಿನ ಲೆಕ್ಕ. ನಾವು ವರ್ಷಕ್ಕೆ 15,000 ಕಿ.ಮೀ. ಓಡಿಸುತ್ತೇವೆ. ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಾದರೆ, ಲೀಟರಿಗೆ 103 ರೂಪಾಯಿ ಹಿಡಿದರೂ ಕಿಲೋಮೀಟರಿಗೆ ಆರೂವರೆ ಹತ್ತಿರ. ಮನೆಯ ಕರೆಂಟಿನಲ್ಲಿ ನಮ್ಮ ಕಾರಿಗೆ ಒಂದು ರೂಪಾಯಿ ಹತ್ತು ಪೈಸೆ ಆಸುಪಾಸು. ವರ್ಷಕ್ಕೆ 80,000 ರೂಪಾಯಿ ಉಳಿತಾಯ. ಐದೂವರೆ ಲಕ್ಷಕ್ಕೆ ಕೊಟ್ಟು ಪೆಟ್ರೋಲಿಗೆ ಹೋದರೆ ಇದು ಹೋಯಿತು. ಕೊಟ್ಟು ದೊಡ್ಡ ಬ್ಯಾಟರಿಯ ಹೊಸ ಇವಿಗೆ ಹೋದರೆ ಹತ್ತು ಲಕ್ಷವಾದರೂ ಸಾಲ ಬೇಕು. 9 ಪರ್ಸೆಂಟ್ ಬಡ್ಡಿ, ಐದು ವರ್ಷ ಅಂದರೆ ತಿಂಗಳಿಗೆ 20,750 ರೂಪಾಯಿ ಕಂತು. ಬರೀ ಎಂಟು ಪರ್ಸೆಂಟ್ ಸವೆದ ಬ್ಯಾಟರಿಗೋಸ್ಕರ ಇಷ್ಟು ಕಟ್ಟಬೇಕಾ? ನಾವು ಅದರ ಬದಲು ತಿಂಗಳಿಗೆ 5,000 ಬೇರೆ ಖಾತೆಗೆ ಹಾಕುತ್ತಿದ್ದೇವೆ. ಟೈರು, 12 ವೋಲ್ಟಿನ ಸಣ್ಣ ಬ್ಯಾಟರಿ, ಸಸ್ಪೆನ್ಶನ್ ಅಂತ ಏನೇ ಬಂದರೂ ಅದರಲ್ಲೇ.

ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ಅದು ನಮಗೆ ತಡವಾಗಿ ಗೊತ್ತಾಯಿತು. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಬಂದಾಗ ನಮ್ಮ ಮನೆಗೆ ತಿಂಗಳಿಗೆ 110 ಯೂನಿಟ್ ಸಾಕಾಗುತ್ತಿತ್ತು. ಕಾರು ಒಂದೇ 200 ಯೂನಿಟ್ ಕುಡಿಯುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಬರೀ ಕಾರಿನದಲ್ಲ. ಮನೆಯ ಕರೆಂಟು, ನಿಗದಿತ ಶುಲ್ಕ ಸೇರಿ ತಿಂಗಳಿಗೆ ಸಾವಿರದ ಮೇಲೆ ಸುಮ್ನೆ ಹೋಗುತ್ತಿತ್ತು. ಅದನ್ನೂ ಕಾರಿನ ಲೆಕ್ಕಕ್ಕೆ ಹಾಕಿದರೆ ಕಿಲೋಮೀಟರಿಗೆ ಎರಡು ರೂಪಾಯಿ ಆಗುತ್ತದೆ. ಆಗಲೂ ಪೆಟ್ರೋಲಿಗಿಂತ ಅಗ್ಗವೇ, ಆದರೆ ಉಳಿತಾಯ 80,000 ಇರುವುದಿಲ್ಲ. ಇವಿ ಚಾರ್ಜಿಂಗಿಗೆ ಅಂತಲೇ ಬೇರೆ ದರ ಇದೆ. ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ, ಕಾರಿಗೆ ಬೇರೆ ಮೀಟರ್ ಮಾಡಿಸಿಕೊಳ್ಳಿ. ಕಾರು ಕೊಡುವ ಯೋಚನೆ ಮಾಡುವ ಮುಂಚೆ ಈ ಕೆಲಸ ಮಾಡಿ. (ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು. ನಮ್ಮ ಬಿಸಿಲಿನಲ್ಲೇ ನಮ್ಮ ಗಾಡಿ ಓಡುತ್ತದೆ ಅಂದುಕೊಂಡಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.)

ಸಾಲದಲ್ಲಿ ಇವಿ ತಗೊಂಡವರಿಗೆ ಇನ್ನೊಂದು ಮಾತು. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 1.5 ಲಕ್ಷದವರೆಗೆ ವಿನಾಯಿತಿ ಇದೆ, ಹಳೇ ಪದ್ಧತಿಯಲ್ಲಿ ಲೆಕ್ಕ ಕೊಡುವವರಿಗೆ. ಈಗ ಕಾರು ಕೊಟ್ಟು ಸಾಲ ತೀರಿಸಿದರೆ ಅದೂ ಅಲ್ಲಿಗೆ ನಿಂತಿತು. ಹೊಸ ಸಾಲಕ್ಕೆ ಆ ಸೌಲಭ್ಯ ಇಲ್ಲ.

ಹಾಗಾದರೆ ಯಾರು ಕೊಡಬೇಕು? ಬಾಡಿಗೆ ಮನೆ ಬದಲಾಯಿಸಿ, ಹೊಸ ಮಾಲೀಕರು ಪ್ಲಗ್ ಪಾಯಿಂಟಿಗೆ ಒಪ್ಪದಿದ್ದರೆ ಯೋಚನೆ ಮಾಡದೆ ಕೊಡಿ. ಮನೆ ಚಾರ್ಜಿಂಗ್ ಇಲ್ಲದ ಇವಿ ದಿನಾ ತಲೆನೋವು. ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ವರ್ಗವಾಗಿ ವಾರವಾರ ಊರಿಗೆ ಬರಬೇಕಾದವರಿಗೂ 30 ಯೂನಿಟ್ಟಿನ ಕಾರು ಸಾಲದು. ವರ್ಷಕ್ಕೆ 4,000 ಕಿ.ಮೀ. ಕೂಡ ಓಡಿಸದವರಿಗೆ ಉಳಿಯೋದು 20,000 ಮಾತ್ರ. ಅವರು ನಿಲ್ಲಿಸಿಟ್ಟು ಹಳೇದು ಮಾಡುವುದಕ್ಕಿಂತ ಓಡಿಸುವವರಿಗೆ ಕೊಡೋದು ಒಳ್ಳೇದು. ಓಡಲಿ ಬಿಡಲಿ, ಬ್ಯಾಟರಿಗೆ ವಯಸ್ಸಾಗುತ್ತಲೇ ಇರುತ್ತದೆ.

ಕೊಡುವಾಗ

ಎಕ್ಸ್‌ಚೇಂಜ್ ಅಂದಾಗ ಎರಡು ವ್ಯಾಪಾರವನ್ನು ಒಂದೇ ಕಾಗದದಲ್ಲಿ ಮುಗಿಸುತ್ತಾರೆ. ಬೇರೆ ಮಾಡಿ. ಮೊದಲು ಹಳೇ ಕಾರಿನ ಮಾತೇ ಎತ್ತದೆ ಹೊಸ ಕಾರಿಗೆ ಕೊನೇ ಬೆಲೆ ಬರೆಸಿಕೊಳ್ಳಿ. ಆಮೇಲೆ ಹಳೆಯದಕ್ಕೆ ಎಷ್ಟು ಅಂತ ಕೇಳಿ. 50,000 ಎಕ್ಸ್‌ಚೇಂಜ್ ಬೋನಸ್ ಅಂತ ಹೇಳಿ, ಆ ಕಡೆ ಕಾರಿನ ಬೆಲೆಯಲ್ಲೇ ಅಷ್ಟನ್ನು ಹಿಡಿದಿರುತ್ತಾರೆ ಎಷ್ಟೋ ಸಲ. ರಸ್ತೆ ತೆರಿಗೆಯ ಸಾಲನ್ನೂ ನೋಡಿ. ನಾವು ತಗೊಂಡಾಗ ಇವಿಗೆ ಪೂರ್ತಿ ಮಾಫಿ ಇತ್ತು. 2024ರಲ್ಲಿ 25 ಲಕ್ಷ ದಾಟಿದ ಇವಿಗೆ 10 ಪರ್ಸೆಂಟ್ ಬಂತು.

ನೇರವಾಗಿ ಮಾರಿದರೆ ದುಡ್ಡು ಜಾಸ್ತಿ ಸಿಗುತ್ತದೆ, ಸ್ವಲ್ಪ ಓಡಾಟ ಇರುತ್ತದೆ. ಸರಿಯಾದ ಗಿರಾಕಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿಲ್ಲ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಸ್ವಂತ ಮನೆ, ಅಂಗಳದಲ್ಲಿ ಜಾಗ, ದಿನಕ್ಕೆ ನಲವತ್ತು ಐವತ್ತು ಕಿ.ಮೀ. ಓಡಾಟ ಇರುವವರೇ ಸರಿಯಾದವರು. ಅವರಿಗೆ ಬೆಂಗಳೂರು ಮುಟ್ಟದ ಬ್ಯಾಟರಿಯೂ ಹತ್ತು ವರ್ಷ ಬರುತ್ತದೆ. ಅವರ ಕೈಗೆ ಬ್ಯಾಟರಿ ವರದಿ, ಸರ್ವಿಸ್ ಬಿಲ್ಲು, ನಿಮ್ಮ ಮೀಟರಿನ ರೀಡಿಂಗ್ ಕೊಡಿ. ಐದೂವರೆ ಇದ್ದದ್ದು ಆರೂವರೆ ಆಗೋದು ಆ ಕಾಗದಗಳಿಂದಲೇ.

ಫಾರ್ಮ್ 29, 30ಕ್ಕೆ ಸಹಿ ಹಾಕಿ ಆರ್‌ಟಿಒದಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಬೇಕು. ಡೀಲರಿಗೆ ಕೊಟ್ಟರೆ ಅವರು ಆರ್‌ಟಿಒದಲ್ಲಿ ನೋಂದಾಯಿತರಾ ಅಂತ ಕೇಳಿ, ಫಾರ್ಮ್ 29ಸಿ ಮಾಡಿಸಿ. 2023ರ ಏಪ್ರಿಲ್‌ನಿಂದ ಆ ನಿಯಮ ಇದೆ. ಅದಾದ ಮೇಲೆ ಗಾಡಿಯ ಹೊಣೆ ಅವರದು. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ 50 ಪರ್ಸೆಂಟ್. ಅದರ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಸಬಹುದು. ಫಾಸ್ಟ್ಯಾಗ್ ಮುಚ್ಚಿಸೋದು ಮರೆಯಬೇಡಿ. ಕಾರಿನ ಆ್ಯಪಿನಿಂದ ನಿಮ್ಮ ಹೆಸರು, ಮನೆಯ ವಿಳಾಸವನ್ನೂ ಅಳಿಸಿ.

ನಾವು ಸದ್ಯಕ್ಕೆ ಇಟ್ಟುಕೊಂಡಿದ್ದೇವೆ. ಕ್ಯಾತ್ಸಂದ್ರದಲ್ಲಿ 10 ಪರ್ಸೆಂಟ್ ತೋರಿಸುವ ದಿನದವರೆಗೆ. ಆಮೇಲೆ ಗುಬ್ಬಿಯಲ್ಲಿರುವ ನಮ್ಮ ಭಾವನಿಗೆ ಕೊಡೋದು ಅಂತ ಮಾತಾಗಿದೆ. ಅವರಿಗೆ ತೋಟದಿಂದ ತುಮಕೂರಿಗೆ ಬಂದು ಹೋಗೋಕೆ 40 ಕಿ.ಮೀ. ಹೋದ ವಾರ ಫೋನ್ ಮಾಡಿ, "ಅಡಿಕೆ ಸುಲಿಯೋ ಶೆಡ್ಡಿನ ಪಕ್ಕ ಹದಿನೈದು ಆಂಪಿನ ಪಾಯಿಂಟ್ ಹಾಕ್ಸಿದೀನಿ. ಅರ್ಥಿಂಗೂ ಹೊಸದಾಗಿ ಮಾಡ್ಸಿದೀನಿ, ಬಂದು ನೋಡಿ" ಅಂದರು.